ಗಾಳಿದೋಣಿಗೆ ಎಂಜಿನ್: ಮೊದಲು ತೂಕ ನೋಡಿ, ಆಮೇಲೆ ಎಚ್‌ಪಿ

ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ಇಳಿದ ಮೇಲೆ ಕಾರು ನಿಲ್ಲಿಸಿದಲ್ಲಿಂದ ನೀರಿನ ಅಂಚಿಗೆ ಕೆಸರಿನಲ್ಲಿ ಬಹಳ ದೂರ ನಡೆಯಬೇಕು. 14 ಕೆ.ಜಿ.ಯ ಎಂಜಿನ್ನನ್ನು ಒಬ್ಬರೇ ಒಂದು ಕೈಯಲ್ಲಿ ಹಿಡಿದು ಅಷ್ಟು ದೂರ ಒಯ್ಯಬಹುದು. 26 ಕೆ.ಜಿ.ಯದಾದರೆ ಇನ್ನೊಬ್ಬರ ಹೆಗಲು ಬೇಕು. ಮಡಚಿ ಡಿಕ್ಕಿಯಲ್ಲಿ ಹಾಕುವ, ಗಾಳಿ ತುಂಬಿ ಉಬ್ಬಿಸುವ ಒಂಬತ್ತು-ಹತ್ತಡಿಯ ಗಾಳಿದೋಣಿಗೆ ಎಂಜಿನ್ ಆರಿಸುವಾಗ ಈ ಲೆಕ್ಕವೇ ಮೊದಲು ಬರಬೇಕು. ಹೊತ್ತು ಸಾಗಿಸುವುದೇ ರಗಳೆಯಾದ ಎಂಜಿನ್ ಎರಡನೇ ವರ್ಷಕ್ಕೆ ಅಟ್ಟ ಸೇರುತ್ತದೆ.

ಫೋರ್‌ಸ್ಟ್ರೋಕ್‌ನಲ್ಲಿ ಸುಜುಕಿಯ 2.5 ಎಚ್‌ಪಿ, ಹೋಂಡಾದ 2.3 ಎಚ್‌ಪಿ ಎರಡೂ 14 ಕೆ.ಜಿ. ಆಸುಪಾಸು. ಹೋಂಡಾದ್ದು ಗಾಳಿಯಲ್ಲೇ ತಣಿಯುವ ಎಂಜಿನ್, ಹಾಗಾಗಿ ಅದರಲ್ಲಿ ನೀರಿನ ಪಂಪ್ ಕೆಡುವ ಪ್ರಶ್ನೆಯಿಲ್ಲ, ಆದರೆ ಸದ್ದು ತುಸು ಜಾಸ್ತಿ. ತೊಹಾತ್ಸುವಿನ 4, 5, 6 ಎಚ್‌ಪಿ ಮೂರಕ್ಕೂ ಇರುವುದು ಒಂದೇ 123 ಸಿಸಿ ಸಿಲಿಂಡರ್, ತೂಕವೂ ಹೆಚ್ಚುಕಮ್ಮಿ ಒಂದೇ, 26 ಕೆ.ಜಿ. ಹತ್ತಿರ. ಆದ್ದರಿಂದ ನಮ್ಮ ಸಲಹೆ ಒರಟು: ಒಂದೋ 2.5, ಇಲ್ಲವೇ ನೇರ 6. ನಡುವಿನದರಲ್ಲಿ ಭಾರ ಪೂರ್ತಿ ಹೊರುತ್ತೀರಿ, ಬಲ ಅರ್ಧಂಬರ್ಧ ಸಿಗುತ್ತದೆ.

ಕಾರಣ ದೋಣಿ ಓಡುವ ಬಗೆಯಲ್ಲಿದೆ. ಹತ್ತಡಿಯ ದೋಣಿ ನೀರನ್ನು ಸೀಳಿಕೊಂಡು ಹೋಗುವಷ್ಟು ಕಾಲ ಗಂಟೆಗೆ ಏಳು ಕಿ.ಮೀ. ಸುಮಾರಿಗೆ ಅದರ ವೇಗ ನಿಂತುಬಿಡುತ್ತದೆ. ಆಮೇಲೆ ಎಕ್ಸಿಲರೇಟರ್ ಎಷ್ಟು ತಿರುವಿದರೂ ಮೂತಿ ಮೇಲೆದ್ದು ಹಿಂಭಾಗ ಕುಸಿಯುತ್ತದೆ, ತಾನೇ ಎಬ್ಬಿಸಿದ ಅಲೆಯನ್ನು ಹತ್ತಲಾರದೆ ದೋಣಿ ಏದುಸಿರು ಬಿಡುತ್ತದೆ. ಆ ಏಳು ಕಿ.ಮೀ.ಗೆ 2.5 ಎಚ್‌ಪಿ ಧಾರಾಳ. ಅಲೆ ದಾಟಿ ನೀರಿನ ಮೇಲೆ ಜಾರುತ್ತ ಓಡಬೇಕಾದರೆ 6 ಎಚ್‌ಪಿಯ ಜೊತೆಗೆ ಗಟ್ಟಿ ನೆಲವೂ ಬೇಕು: ಪ್ಲೈವುಡ್, ಅಲ್ಯುಮಿನಿಯಂ, ಅಥವಾ 10 ಪಿಎಸ್‌ಐ ಒತ್ತಡದ ಗಾಳಿನೆಲ. ಅದೂ ಒಬ್ಬರೇ ಇದ್ದಾಗ. ಇಬ್ಬರು, ಐಸ್ ಪೆಟ್ಟಿಗೆ, ಗಾಳದ ಸರಂಜಾಮು ಎಲ್ಲ ಸೇರಿದರೆ ಆ ಆಸೆ ಬಿಡಿ. ದೋಣಿಯ ಹಿಂಬದಿ ಹಲಗೆಯ ಬಳಿ ಗರಿಷ್ಠ ಎಚ್‌ಪಿ, ಎಂಜಿನ್ ತೂಕ ಬರೆದ ತಗಡಿರುತ್ತದೆ. ಅದನ್ನು ಮೀರಬೇಡಿ.

ಇನ್ನು ಶಾಫ್ಟ್ ಉದ್ದ, ಅಂದರೆ ಎಂಜಿನ್ನಿನಿಂದ ಕೆಳಗೆ ನೀರಿನೊಳಗಿನ ಪ್ರೊಪೆಲ್ಲರ್ ಕಡೆಗೆ ಇಳಿಯುವ ಕಾಲಿನ ಉದ್ದ. ಶಾರ್ಟ್ ಶಾಫ್ಟ್ 15 ಇಂಚು, ಲಾಂಗ್ 20 ಇಂಚು. ಎಂಜಿನ್ ಕೂರುವ ಹಲಗೆಯ ಮೇಲಂಚಿನಿಂದ ದೋಣಿಯ ತಳದವರೆಗೆ ಟೇಪ್ ಹಿಡಿಯಿರಿ. ಗಾಳಿದೋಣಿಗಳಲ್ಲಿ ಸಾಮಾನ್ಯವಾಗಿ 15 ಇಂಚು ಹೊಂದುತ್ತದೆ. ಪ್ರೊಪೆಲ್ಲರ್‌ನ ಮೇಲಿರುವ ಚಪ್ಪಟೆ ತಗಡು ದೋಣಿಯ ತಳಕ್ಕೆ ಸಮವಾಗಿ ಅಥವಾ ಒಂದಿಂಚು ಕೆಳಗೆ ಬರಬೇಕು. ಮೇಲಾದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಎಂಜಿನ್ ಕಿರುಚುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಬಿಸಿಲಲ್ಲಿ ಗಾಳಿ ತುಂಬಿದ ಟ್ಯೂಬು ತಣ್ಣೀರಿಗೆ ಇಳಿದ ಕೂಡಲೇ ಮೆತ್ತಗಾಗಿ ಹಿಂದುಗಡೆ ತಗ್ಗುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ನಾಲ್ಕು ಪಂಪ್ ಹೊಡೆದರೆ ಎಂಜಿನ್ನಿನ ಅರ್ಧ ದೂರುಗಳು ಅಲ್ಲೇ ಮುಗಿಯುತ್ತವೆ.

ಬ್ಯಾಟರಿ ಮೋಟಾರ್ ಕೇಳುವವರು ಈಗ ಹೆಚ್ಚು. ನಿಂತ ನೀರಿಗೆ ಅದು ಚೆನ್ನ, ಮೀನೂ ಬೆದರುವುದಿಲ್ಲ. ಆದರೆ 12 ವೋಲ್ಟಿನ, 55 ಪೌಂಡ್ ತಳ್ಳುಬಲದ ಮೋಟಾರ್ ಪೂರ್ತಿ ತಿರುವಿದರೆ ಸುಮಾರು 50 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಗಂಟೆಯ (ಎಎಚ್) ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬಹುದು, ಅಂದರೆ ಒಂದು ಗಂಟೆ. ಅಷ್ಟಕ್ಕೆ ಮೂವತ್ತು ಕೆ.ಜಿ. ಹೊರೆ! ಅಷ್ಟೇ ಸಾಮರ್ಥ್ಯದ ಲಿಥಿಯಂ ಫಾಸ್ಫೇಟ್ ಬ್ಯಾಟರಿ 12 ಕೆ.ಜಿ. ಒಳಗೆ ಇದ್ದು ಹೆಚ್ಚುಕಡಿಮೆ ಎರಡು ಗಂಟೆ ಓಡುತ್ತದೆ. ನಿಧಾನ ಹೋದರೆ ಎರಡರಲ್ಲೂ ಸಮಯ ಹಲವು ಪಟ್ಟು ಬೆಳೆಯುತ್ತದೆ. ಬ್ಯಾಟರಿಯನ್ನು ಮುಂಭಾಗದಲ್ಲಿಡಿ, ಹಿಂದೆ ಕೂತವರ ಭಾರಕ್ಕೆ ಅದು ಸರಿದೂಗುತ್ತದೆ. ಕರಾವಳಿಯ ಅಳಿವೆಗಳಿಗೆ ಮಾತ್ರ ಬ್ಯಾಟರಿ ಮೋಟಾರ್ ಬೇಡ. ಇಳಿತದ ಸೆಳೆತ, ಎದುರುಗಾಳಿ ಎರಡೂ ಕೂಡಿದಾಗ ಗಾಳಿದೋಣಿ ಎಲೆಯ ಹಾಗೆ ತೇಲುತ್ತದೆ. ಅಲ್ಲಿ ಪೆಟ್ರೋಲೇ ಇರಲಿ, ಒಂದು ಜೊತೆ ಹುಟ್ಟೂ ಇರಲಿ.

ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗಳು ಬೇಸಿಗೆಯಲ್ಲಿ ನೀರಿನ ಮಟ್ಟಕ್ಕೆ ಬರುತ್ತವೆ. 2.5 ಎಚ್‌ಪಿಯಂಥ ಸಣ್ಣ ಎಂಜಿನ್ನಿನಲ್ಲಿ ಪ್ರೊಪೆಲ್ಲರ್ ಬೊಡ್ಡೆಗೆ ಹೊಡೆದಾಗ ಅದನ್ನು ಶಾಫ್ಟಿಗೆ ಹಿಡಿದಿಡುವ ಷಿಯರ್ ಪಿನ್ ತುಂಡಾಗಬೇಕು, ಗಿಯರ್ ಉಳಿಯಲೆಂದೇ ಆ ಪಿನ್ ಇರುವುದು. ಅದರ ಜಾಗಕ್ಕೆ ಕಬ್ಬಿಣದ ಮೊಳೆ ಕತ್ತರಿಸಿ ತೂರಿಸಿದರೆ ಮುಂದಿನ ಏಟು ಗಿಯರಿಗೆ. ಎರಡು ಷಿಯರ್ ಪಿನ್, ಪ್ರೊಪೆಲ್ಲರ್ ಕಳಚದಂತೆ ತಡೆಯುವ ಕಾಟರ್ ಪಿನ್ ಎರಡು, ಇಕ್ಕಳ ಸದಾ ಜೊತೆಗಿರಲಿ. (ಈ ಹಿನ್ನೀರಿನ ಒಂದು ಭಾಗ ಅಭಯಾರಣ್ಯದೊಳಗಿದೆ. ದೋಣಿ ಇಳಿಸುವ ಮೊದಲು ಅರಣ್ಯ, ಮೀನುಗಾರಿಕೆ ಇಲಾಖೆಗಳನ್ನು ಕೇಳಿ.)

ಇಂದಿನ ಪೆಟ್ರೋಲು ಇನ್ನೊಂದು ತಲೆನೋವು. ಬಂಕಿನಲ್ಲಿ ಈಗ ಸಿಗುವುದು 20% ಎಥನಾಲ್ ಬೆರೆತದ್ದು. ಹೆಚ್ಚಿನ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಥ ಎಂಜಿನ್) ಕೈಪಿಡಿಗಳು ಒಪ್ಪುವುದು 10% ತನಕ. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಬೇರೆಯಾಗಿ ತಳಕ್ಕೆ ಕೂರುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲು ಹಾಯುವ ತೂತು, ಅಂದರೆ ಜೆಟ್, ಕೂದಲೆಳೆಯಷ್ಟು ಸಣ್ಣದು, ಅಲ್ಲಿ ಒಂದಿಷ್ಟು ಅಂಟು ಕಟ್ಟಿದರೂ ಸಾಕು, ಹಗ್ಗ ಎಳೆದು ಎಳೆದು ತೋಳು ಸೋಲುತ್ತದೆ. ಕೆಲಸ ಮುಗಿದ ಮೇಲೆ ಇಂಧನದ ನಲ್ಲಿ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ. ಉಳಿದ ಪೆಟ್ರೋಲು ಬೈಕಿಗೆ ಹೋಗಲಿ. 2.5 ಎಚ್‌ಪಿ ಪೂರ್ತಿ ತಿರುವಿದರೆ ಗಂಟೆಗೆ ಒಂದು ಲೀಟರ್ ಹತ್ತಿರ ಕುಡಿಯುತ್ತದೆ, ಅಂದಂದಿಗೆ ಬೇಕಾದಷ್ಟೇ ಒಯ್ಯಿರಿ. ಉಪ್ಪುನೀರಿನಲ್ಲಿ ಓಡಿಸಿದ ದಿನ, ನೀರಲ್ಲಿ ತಣಿಯುವ ಎಂಜಿನ್ನನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿಸಿದ ಮೇಲೆಯೇ ನಲ್ಲಿ ಮುಚ್ಚಬೇಕು. ಗಾಳಿಯಲ್ಲಿ ತಣಿಯುವುದಕ್ಕೆ ಹೊರಗಿನಿಂದ ತೊಳೆದರೂ ಸಾಕು.

ಗಾಳ ಹಾಕುವವರ ಎಂಜಿನ್ನಿಗೆಂದೇ ಇರುವ ರೋಗ ಒಂದಿದೆ. ತುಂಡಾದ ನೈಲಾನ್ ದಾರ ಪ್ರೊಪೆಲ್ಲರ್‌ನ ಹಿಂದೆ ಸುತ್ತಿಕೊಳ್ಳುತ್ತದೆ. ಹೊರಗಿನಿಂದ ಏನೂ ಕಾಣದು. ಕಾಟರ್ ಪಿನ್ ಎಳೆದು ಪ್ರೊಪೆಲ್ಲರ್ ಜಾರಿಸಿದರೆ ಶಾಫ್ಟಿಗೆ ಬಿಗಿದ ತೆಳು ಕಪ್ಪು ಉಂಗುರ ಸಿಗುತ್ತದೆ. ಅದೇ ಬಿಸಿಗೆ ಕರಗಿ ಗಟ್ಟಿಯಾದ ದಾರ. ರಬ್ಬರ್ ಸೀಲಿಗೆ ತಾಗದಂತೆ ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ. ಆಮೇಲೆ ಗಿಯರ್ ಪೆಟ್ಟಿಗೆಯ ಕೆಳಗಿನ ಸ್ಕ್ರೂ ಸಡಿಲಿಸಿ ನಾಲ್ಕು ಹನಿ ಎಣ್ಣೆ ನೋಡಿ. ಹಾಲು ಬೆರೆತ ಕಾಫಿಯ ಬಣ್ಣ ಬಂದಿದ್ದರೆ ಸೀಲ್ ಹೋಗಿದೆ, ಒಳಗೆ ನೀರು ಸೇರಿದೆ. ಸೀಲ್ ಬದಲಿಸದೆ ಎಣ್ಣೆ ಮಾತ್ರ ಬದಲಿಸಿ ಮತ್ತೆ ನೀರಿಗಿಳಿಸಬೇಡಿ.