ಯೂಫೋರ್ಬಿಯಾ ಒಬೀಸಾ: ಬೀಜದಿಂದ ಉಳಿದ ಕರೂ ಸೀಮೆಯ ಕಳ್ಳಿ

ನರ್ಸರಿಗಳಲ್ಲಿ ‘ಬೇಸ್‌ಬಾಲ್ ಗಿಡ’ ಎಂಬ ಹೆಸರಿನಲ್ಲಿ ಮಾರಾಟವಾಗುವ ಯೂಫೋರ್ಬಿಯಾ ಒಬೀಸಾವನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಅದನ್ನು ಮುಳ್ಳಿಲ್ಲದ ಒಂದು ಬಗೆಯ ಪಾಪಾಸುಕಳ್ಳಿ ಎಂದೇ ತಿಳಿದಿರುತ್ತಾರೆ. ಪಾಪಾಸುಕಳ್ಳಿಗೂ ಇದಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ನಮ್ಮ ಹೊಲದ ಬೇಲಿಗಳಲ್ಲಿ ನಿಂತು, ಕಡ್ಡಿ ಮುರಿದೊಡನೆ ಹಾಲು ಸುರಿಸುವ ಕಳ್ಳಿಗಳೂ ಹರಳು ಗಿಡವೂ ಸೇರಿರುವ ಕುಟುಂಬವೇ ಇದರ ಕುಟುಂಬ. ಈ ಸಂಬಂಧವನ್ನು ಮೊದಲೇ ಹೇಳಲು ಕಾರಣವಿದೆ: ಗಿಡದ ಹಾಲು, ಹೂವಿನ ರಚನೆ, ಕಾಯಿ ಸಿಡಿಯುವ ರೀತಿ, ಇವೆಲ್ಲವೂ ಆ ಕುಟುಂಬದಿಂದಲೇ ಬಂದಿರುವುದರಿಂದ ಪಾಪಾಸುಕಳ್ಳಿ ಸಾಕಿದ ಅನುಭವವನ್ನು ಇಲ್ಲಿ ಹಾಗೆಯೇ ಬಳಸಿದರೆ ಅರ್ಧ ದಾರಿಯಲ್ಲಿ ಅದು ಕೈಕೊಡುತ್ತದೆ.

ಈ ಗಿಡದ ತವರು ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದ ಗ್ರಾಫ್-ರೈನೆಟ್ ಸೀಮೆ; ಅದರಲ್ಲಿಯೂ ಕೆಂಡ್ರೂ ಎಂಬ ಊರಿನ ಸುತ್ತಲಿನ ಸಣ್ಣ ಪ್ರದೇಶ. ಗ್ರೇಟ್ ಕರೂ ಎಂದು ಕರೆಯುವ ಈ ಬಯಲಿನಲ್ಲಿ ವರ್ಷಕ್ಕೆ 200ರಿಂದ 300 ಮಿಲಿಮೀಟರ್ ಮಳೆಯಾಗುತ್ತದೆ, ಅದೂ ಹೆಚ್ಚಾಗಿ ಬೇಸಿಗೆಯಲ್ಲಿ. ಚಳಿಗಾಲ ಒಣದಾಗಿದ್ದು ಹಿಮ ಬೀಳುವಷ್ಟು ತಣ್ಣಗಿರುತ್ತದೆ. 1903ರಲ್ಲಿ ಬ್ರಿಟಿಷ್ ಸಸ್ಯವಿಜ್ಞಾನಿ ಜೋಸೆಫ್ ಡಾಲ್ಟನ್ ಹೂಕರ್ ಈ ಸಸ್ಯವನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಅದಾದ ಹನ್ನೆರಡೇ ವರ್ಷಗಳಲ್ಲಿ, ಅಂದರೆ 1915ರ ಹೊತ್ತಿಗೆ, ಸಂಗ್ರಾಹಕರೂ ರಫ್ತುದಾರರೂ ಅಗೆದು ಸಾಗಿಸಿದ್ದರಿಂದ ಅದು ಕಾಡಿನಲ್ಲಿ ಬಹುತೇಕ ಬರಿದಾಗಿತ್ತು. ಇಷ್ಟು ಬೇಗ ಬರಿದಾಗಲು ಗಿಡದ ಸ್ವಭಾವವೂ ಕಾರಣ. ಬೆಳೆಯುವುದು ನಿಧಾನ, ಇರುವ ಜಾಗ ಸಣ್ಣದು, ಬುಡದಲ್ಲಿ ಮರಿ ಹಾಕುವುದು ಅಪರೂಪ. ಒಂದು ಗಿಡವನ್ನು ಕಿತ್ತರೆ ಅದರ ಜಾಗದಲ್ಲಿ ಮತ್ತೊಂದು ಬರಬೇಕಾದರೆ ಬೀಜವೇ ಬಿದ್ದು ಮೊಳೆಯಬೇಕು. ಇಂದು ದಕ್ಷಿಣ ಆಫ್ರಿಕಾದ ಕಾನೂನು ಇದಕ್ಕೆ ರಕ್ಷಣೆ ನೀಡಿದೆ. ರಸಭರಿತ ಯೂಫೋರ್ಬಿಯಾಗಳನ್ನು ಸೈಟಿಸ್ ಎಂಬ, ಕಾಡಿನ ಪ್ರಾಣಿ ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿ ಸೇರಿಸಿರುವುದರಿಂದ ದೇಶದಿಂದ ದೇಶಕ್ಕೆ ಗಿಡ ಸಾಗಿಸಲು ಪರವಾನಗಿ ಬೇಕು. ಆದರೂ ಲೋಕದ ಕುಂಡಗಳಲ್ಲಿ ಈ ಗಿಡ ಇಂದು ಧಾರಾಳವಾಗಿದೆ ಎಂದರೆ ಅದಕ್ಕೆ ಕಾನೂನಿಗಿಂತ ಹೆಚ್ಚಾಗಿ ಬೀಜ ಕಟ್ಟಿಸಿ ಹಂಚಿದ ಬೆಳೆಗಾರರ ದುಡಿಮೆ ಕಾರಣವೆಂಬುದು ನನ್ನ ಅಭಿಪ್ರಾಯ. ಆದ್ದರಿಂದ ಒಂದು ಗಿಡ ಸಾಕಿದವರಿಗೆಲ್ಲ ನಾನು ಹೇಳುವುದು, ಸಾಧ್ಯವಾದರೆ ಅದರ ಬೀಜದ ಹಂತದವರೆಗೂ ಹೋಗಿ ಎಂದು.

ಗಿಡದ ರೂಪವನ್ನು ಸರಿಯಾಗಿ ನೋಡಿಕೊಂಡರೆ ಆರೈಕೆಯ ಅರ್ಧ ಭಾಗ ತಾನಾಗಿಯೇ ತಿಳಿಯುತ್ತದೆ. ಎಳೆಯದರಲ್ಲಿ ಉರುಟಾಗಿರುವ ಕಾಂಡವು ವಯಸ್ಸಾದಂತೆ ಮೇಲಕ್ಕೆ ನೀಳವಾಗಿ ಸುಮಾರು 20 ಸೆಂಟಿಮೀಟರ್ ಎತ್ತರಕ್ಕೆ ಏರುತ್ತದೆ. ಸಾಮಾನ್ಯವಾಗಿ ಎಂಟು ಅಗಲವಾದ ಏಣುಗಳಿದ್ದು, ಪ್ರತಿ ಏಣಿನ ನಡುಗೆರೆಯಲ್ಲಿ ಹಿಂದಿನ ವರ್ಷಗಳ ಹೂತೊಟ್ಟು ಉದುರಿದ ಗುರುತುಗಳು ಹೊಲಿಗೆಯ ಸಾಲಿನಂತೆ ಉಳಿದಿರುತ್ತವೆ. ಬೂದು ಹಸಿರಿನ ಮೈಮೇಲೆ ಮಸುಕಾದ ನೇರಳೆ ಪಟ್ಟೆಗಳು ಅಡ್ಡಲಾಗಿ ಹಾದಿರುತ್ತವೆ. ಕರೂವಿನ ಚಕ್ಕೆಗಲ್ಲುಗಳ ನಡುವೆ, ಕುರುಚಲು ಪೊದೆಗಳ ಅರೆನೆರಳಿನಲ್ಲಿ ಕುಳಿತ ಗಿಡವನ್ನು ಈ ಬಣ್ಣವೇ ಮರೆಮಾಚುತ್ತದೆ. ಪಟ್ಟೆ ಮೂಡಬೇಕಾದರೆ ಬೆಳಕು ಬೇಕು. ನೆರಳಿನಲ್ಲಿಟ್ಟು, ಮೇಲಿಂದ ಮೇಲೆ ನೀರೂ ಸಾರಜನಕ ಹೆಚ್ಚಿರುವ ಗೊಬ್ಬರವೂ ಕೊಟ್ಟ ಗಿಡ ಬೇಗ ಉದ್ದವಾಗುತ್ತದೆ ನಿಜ. ಆದರೆ ಮೈಬಣ್ಣ ತಿಳಿಹಸಿರಾಗಿ, ನೆತ್ತಿ ಕಿರಿದಾಗಿ, ಒಳಗಿನ ಅಂಗಾಂಶ ಮೆತ್ತಗಾಗಿ ಮೊದಲ ಮಳೆಗಾಲದಲ್ಲಿಯೇ ಕೊಳೆಗೆ ತುತ್ತಾಗುತ್ತದೆ. ವಯಸ್ಸಿನಿಂದ ನೀಳವಾದ ಗಿಡದಲ್ಲಿ ಕಾಂಡದ ಸುತ್ತಳತೆ ಕುಗ್ಗಿರುವುದಿಲ್ಲ. ಅವಸರದಿಂದ ನೀಳವಾದದ್ದು ಮೇಲಕ್ಕೆ ಹೋದಂತೆ ಸಣ್ಣಗಾಗುತ್ತದೆ. ಕೊಳ್ಳುವಾಗ ಈ ಒಂದು ಲಕ್ಷಣ ಗಮನಿಸಿದರೆ ಸಾಕು.

ಮಣ್ಣಿನ ವಿಷಯದಲ್ಲಿ ನನ್ನ ಪದ್ಧತಿ ಸರಳ. ಜರಡಿ ಹಿಡಿದು ಪುಡಿ ತೆಗೆದ ಸಣ್ಣ ಜಲ್ಲಿ ಅಥವಾ ಪ್ಯೂಮಿಸ್ ಕಲ್ಲು ಮೂರು ಪಾಲು, ಕೆಮ್ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಅರ್ಧ ಪಾಲು. ನರ್ಸರಿಯವರು ತುಂಬುವ ತೆಂಗಿನ ನಾರಿನ ಪುಡಿ ಈ ಗಿಡಕ್ಕೆ ಹೊಂದುವುದಿಲ್ಲ. ಒದ್ದೆಯಾದಾಗ ದಿನಗಟ್ಟಲೆ ತೇವ ಹಿಡಿದಿಡುತ್ತದೆ, ಪೂರ್ತಿ ಒಣಗಿದ ಮೇಲೆ ನೀರನ್ನೇ ಹೀರುವುದಿಲ್ಲ. ಹೊಸ ಗಿಡ ತಂದಾಗ ಬೇರಿಗೆ ಅಂಟಿದ ಆ ಪುಡಿಯನ್ನು ಬಿಡಿಸಿ, ಮುರಿದ ಬೇರಿನ ಗಾಯ ಮಾಯಲು ನೆರಳಿನಲ್ಲಿ ಕೆಲವು ದಿನ ಒಣಗಿಸಿ, ಅನಂತರ ನೆಡಬೇಕು. ಇದಕ್ಕೆ ದಪ್ಪನೆಯ ತಾಯಿಬೇರು ಇರುವುದರಿಂದ ಅಗಲವಾದ ತಟ್ಟೆಯಂಥ ಕುಂಡಕ್ಕಿಂತ ಆಳವಾದ, ಗಿಡಕ್ಕಿಂತ ಸ್ವಲ್ಪವೇ ಅಗಲವಿರುವ ಕುಂಡ ಲೇಸು.

ನೀರಿನ ಲೆಕ್ಕ ಕರ್ನಾಟಕದಲ್ಲಿ ಊರಿನಿಂದ ಊರಿಗೆ ಬದಲಾಗುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಫೆಬ್ರುವರಿಯಿಂದ ಮೇ ತಿಂಗಳವರೆಗೆ ಗಿಡ ಚುರುಕಾಗಿ ಬೆಳೆಯುತ್ತದೆ. ಆಗ ಮಣ್ಣು ತಳದವರೆಗೆ ಒಣಗಿದೊಡನೆ, ಕುಂಡದ ಕೆಳಗಿನಿಂದ ನೀರು ಹರಿಯುವಷ್ಟು ಧಾರಾಳವಾಗಿ ಹಾಕಬೇಕು. ದಿನಕ್ಕೊಂದು ಚಮಚ ನೀರು ಕೊಡುವ ಪದ್ಧತಿ ಹಲವು ಮನೆಗಳಲ್ಲಿದೆ. ಅದರಿಂದ ಮೇಲ್ಮಣ್ಣು ಸದಾ ಒದ್ದೆಯಾಗಿ ಕಾಂಡದ ಬುಡಕ್ಕೆ ಅಪಾಯವೇ ಹೊರತು ಆಳದ ಬೇರಿಗೆ ಏನೂ ಸಿಗುವುದಿಲ್ಲ. ಜೂನ್ ಬಂದಾಗ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ತವರಿನಲ್ಲಿ ವರ್ಷವಿಡೀ ಬೀಳುವಷ್ಟು ಮಳೆ ಇಲ್ಲಿ ಕೆಲವೇ ವಾರಗಳಲ್ಲಿ ಬೀಳಬಹುದು, ಜೊತೆಗೆ ಮೋಡ ಮುಚ್ಚಿದ ದಿನಗಳು. ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆಯ ಚಾವಣಿ, ನಾಲ್ಕು ಬದಿಯೂ ಗಾಳಿಗೆ ತೆರೆದಿರುವುದು, ಇವೆರಡಿದ್ದರೆ ಮಳೆಗಾಲ ದಾಟುವುದು ಕಷ್ಟವಲ್ಲ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಮಳೆಯ ಜೊತೆಗೆ ರಾತ್ರಿಯೂ ಇಳಿಯದ ಸೆಕೆ ಮತ್ತು ತೇವಾಂಶ ಇರುವುದರಿಂದ ಚಾವಣಿಯೊಂದೇ ಸಾಲದು. ಅಲ್ಲಿನ ಬೆಳೆಗಾರರು ಸಣ್ಣ ಫ್ಯಾನ್ ಇಟ್ಟು ಗಾಳಿಯಾಡಿಸುವುದೂ, ಮಳೆಗಾಲದ ನಡುವಿನ ತಿಂಗಳುಗಳಲ್ಲಿ ನೀರನ್ನು ಬಹುತೇಕ ನಿಲ್ಲಿಸುವುದೂ ಉತ್ತಮ. ಬಳ್ಳಾರಿ, ಕಲಬುರಗಿಯ ಕಡೆ ಸಮಸ್ಯೆ ಬೇರೆ: ಬೇಸಿಗೆಯ ಮಧ್ಯಾಹ್ನದ ಬಿಸಿಲಿಗೆ ನೆರಳು ಪರದೆ ಕಟ್ಟಲೇಬೇಕು. ಎಲ್ಲಿಯೇ ಆಗಲಿ, ನೆರಳಿನಲ್ಲಿದ್ದ ಗಿಡವನ್ನು ಒಮ್ಮೆಗೇ ಬಿಸಿಲಿನ ತಾರಸಿಗೆ ಏರಿಸಿದರೆ ಮೈ ಸುಟ್ಟು ಕಂದು ಕಲೆ ಬೀಳುತ್ತದೆ. ಆ ಕಲೆ ಗಿಡದ ಆಯುಷ್ಯವಿರುವವರೆಗೂ ಹೋಗದು.

ಬುಡದ ಬಳಿ ಕಾಣುವ ಕಂದು ಬಣ್ಣದ ಬಗ್ಗೆ ಪ್ರಶ್ನೆಗಳು ಹೆಚ್ಚು ಬರುತ್ತವೆ. ಬೆರಳಿನಿಂದ ಒತ್ತಿದಾಗ ಗಟ್ಟಿಯಾಗಿ, ತೊಗಟೆಯಂತೆ ಒಣದಾಗಿದ್ದರೆ ಅದು ವಯಸ್ಸಿನ ಸಹಜ ಲಕ್ಷಣ. ಅದಕ್ಕೆ ಯಾವ ಔಷಧವೂ ಬೇಡ. ಮೆತ್ತಗಾಗಿ ಒಳಕ್ಕೆ ಜಗ್ಗಿದರೆ ಕೊಳೆ ಹತ್ತಿದೆ ಎಂದರ್ಥ, ಮತ್ತು ಬುಡದಿಂದ ಹತ್ತಿದ ಕೊಳೆಯಿಂದ ಈ ಗಿಡ ಉಳಿಯುವುದು ಬಹಳ ಕಡಿಮೆ. ಕೀಟಗಳಲ್ಲಿ ಕೆಂಪು ನುಸಿ ಮತ್ತು ಹಿಟ್ಟು ತಿಗಣೆ ಮುಖ್ಯವಾದವು. ನುಸಿ ಒಣ ಹವೆಯಲ್ಲಿ ನೆತ್ತಿಯ ಎಳೆಯ ಭಾಗವನ್ನು ಕೆರೆದು ತುಕ್ಕಿನ ಬಣ್ಣಕ್ಕೆ ತಿರುಗಿಸುತ್ತದೆ. ತಿಗಣೆ ಬೇರಿನಲ್ಲಿಯೂ ಅಡಗಿರಬಹುದಾದ್ದರಿಂದ ಕಾರಣವಿಲ್ಲದೆ ಸೊರಗಿದ ಗಿಡವನ್ನು ಕುಂಡದಿಂದ ತೆಗೆದು ನೋಡಬೇಕು. ಹಾಗೆ ಮಾಡುವಾಗ ಕೈಗವಸು ಇರಲಿ. ಇದರ ಹಾಲು ಚರ್ಮಕ್ಕೆ ಉರಿ ತರುತ್ತದೆ, ಕಣ್ಣಿಗೆ ಬಿದ್ದರೆ ಗಂಭೀರ ಹಾನಿಯಾಗಬಹುದು. ಬೇಲಿಗಳ್ಳಿಯ ಹಾಲಿನ ಬಗ್ಗೆ ಹಳ್ಳಿಯಲ್ಲಿ ಹಿರಿಯರು ಮಕ್ಕಳಿಗೆ ಹೇಳುವ ಎಚ್ಚರಿಕೆ ಇದಕ್ಕೂ ಅಷ್ಟೇ ಅನ್ವಯಿಸುತ್ತದೆ.

ಇನ್ನು ಬೀಜದ ಕೆಲಸ. ಯೂಫೋರ್ಬಿಯಾ ಒಬೀಸಾದಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಹೂ ಬಿಡುವವರೆಗೆ, ಅಂದರೆ ಬಿತ್ತಿದ ಮೇಲೆ ಸಾಮಾನ್ಯವಾಗಿ ಕೆಲವು ವರ್ಷಗಳವರೆಗೆ, ಯಾವುದು ಯಾವುದೆಂದು ಹೇಳಲು ಬಾರದು. ಹೊರನೋಟದಿಂದಲೇ ಗುರುತಿಸಿ ಜೋಡಿ ಕೊಡುತ್ತೇವೆ ಎನ್ನುವ ಮಾರಾಟಗಾರರ ಮಾತನ್ನು ನಂಬಬೇಕಾಗಿಲ್ಲ. ಒಂದೇ ದೊಡ್ಡ ಗಿಡಕ್ಕೆ ಹೆಚ್ಚು ಹಣ ಕೊಡುವ ಬದಲು ಐದಾರು ಸಸಿ ಕೊಳ್ಳುವುದು ಜಾಣತನ, ಏಕೆಂದರೆ ಅವುಗಳಲ್ಲಿ ಎರಡೂ ಲಿಂಗಗಳು ಸಿಗುವ ಸಂಭವ ಹೆಚ್ಚು. ಹೂಗಳು ನೆತ್ತಿಯ ಸುತ್ತ ಮೂಡುತ್ತವೆ. ಗಾತ್ರ ಕೆಲವೇ ಮಿಲಿಮೀಟರ್ ಆದ್ದರಿಂದ ಭೂತಗನ್ನಡಿ ಹಿಡಿದರೆ ಸುಲಭ. ಗಂಡಿನಲ್ಲಿ ಹಳದಿ ಪರಾಗ ಹೊತ್ತ ಕೇಸರಗಳು ಗುಂಪಾಗಿ ಕಾಣುತ್ತವೆ. ಹೆಣ್ಣಿನಲ್ಲಿ ಮೂರು ಕವಲಾಗಿ ಒಡೆದ ಶಲಾಕೆ ಹೊರಚಾಚಿರುತ್ತದೆ. ಒಣ ಹವೆಯಿರುವ ಬೆಳಗಿನ ಹೊತ್ತಿನಲ್ಲಿ ಸಣ್ಣ ಕುಂಚದಿಂದ ಪರಾಗವನ್ನು ಎತ್ತಿ ಆ ಕವಲುಗಳಿಗೆ ಸವರಬೇಕು. ಹೂಗಳು ಒಂದೇ ದಿನ ಅರಳದೆ ಸರದಿಯಂತೆ ಅರಳುವುದರಿಂದ ಈ ಕೆಲಸವನ್ನು ಕೆಲವು ದಿನ ಮುಂದುವರಿಸಿದಷ್ಟೂ ಕಾಯಿ ಹೆಚ್ಚು ಕಟ್ಟುತ್ತವೆ.

ಇಲ್ಲಿಯೇ ಒಂದು ತೊಡಕಿದೆ. ಅದೇ ನಾಡಿನ ಯೂಫೋರ್ಬಿಯಾ ಮೆಲೋಫಾರ್ಮಿಸ್ ಇದರೊಡನೆ ಸುಲಭವಾಗಿ ಸಂಕರವಾಗುತ್ತದೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡು, ಇರುವೆ ನೊಣಗಳ ಓಡಾಟಕ್ಕೆ ಬಿಟ್ಟರೆ ಬೀಜದ ತಂದೆ ಯಾರೆಂದು ಯಾರೂ ಹೇಳಲಾರರು. ಮೆಲೋಫಾರ್ಮಿಸ್‌ನಲ್ಲಿ ಒಣಗಿದ ಹೂತೊಟ್ಟುಗಳು ಗಟ್ಟಿಯಾಗಿ ಗಿಡದ ಮೇಲೆಯೇ ಉಳಿಯುತ್ತವೆ, ಒಬೀಸಾದಲ್ಲಿ ಉದುರಿಹೋಗುತ್ತವೆ. ಒಬೀಸಾ ಎಂಬ ಚೀಟಿ ಹೊತ್ತ ಗಿಡದ ಮೈಮೇಲೆ ಕಡ್ಡಿಯಂಥ ತೊಟ್ಟುಗಳು ಉಳಿದಿದ್ದರೆ, ಅಥವಾ ಬುಡದ ಸುತ್ತ ಮರಿಗಳು ತುಂಬಿದ್ದರೆ ಸಂಕರವೆಂದು ಶಂಕಿಸಲು ಕಾರಣವಿದೆ. ಸಂಕರ ಗಿಡಗಳು ಚೆಲುವಾಗಿಯೂ ಗಟ್ಟಿಮುಟ್ಟಾಗಿಯೂ ಇರುತ್ತವೆ, ಸಾಕುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಕಾಡಿನಲ್ಲಿ ಅಳಿವಿನಂಚಿಗೆ ಬಂದಿರುವ ಜಾತಿಯ ಹೆಸರಿನಲ್ಲಿ ಅವುಗಳ ಬೀಜ ಹಂಚುವುದು ಸರಿಯಲ್ಲ. ಬೀಜಕ್ಕೆಂದು ಇಟ್ಟ ಜೋಡಿಯನ್ನು ಹೂ ಬಿಡುವ ಕಾಲದಲ್ಲಿ ಬೇರೆ ಕಡೆ, ಸೊಳ್ಳೆ ಪರದೆಯ ಒಳಗೆ ಇರಿಸಬೇಕು.

ಕಾಯಿ ಹರಳಿನ ಕಾಯಿಯಂತೆಯೇ ಮೂರು ಕೋಣೆಗಳದ್ದು. ಹೆಚ್ಚೆಂದರೆ ಮೂರು ಬೀಜ. ಬಲಿತು ಒಣಗಿದೊಡನೆ ಅದು ಸಿಡಿದು ಬೀಜಗಳನ್ನು ದೂರಕ್ಕೆ ಎಸೆಯುತ್ತದೆ, ಮತ್ತು ಎರಡು ಮೂರು ಮಿಲಿಮೀಟರಿನ ಬೂದು ಬೀಜವನ್ನು ತಾರಸಿಯ ನೆಲದಲ್ಲಿ ಹುಡುಕುವುದು ವ್ಯರ್ಥ. ಆದ್ದರಿಂದ ಕಾಯಿ ಉಬ್ಬುತ್ತಿರುವಾಗಲೇ ಗಿಡದ ನೆತ್ತಿಗೆ ಪರದೆ ಬಟ್ಟೆಯ ಸಣ್ಣ ಚೀಲ ತೊಡಿಸಿ ಸಡಿಲವಾಗಿ ಕಟ್ಟಬೇಕು. ಹಳತಾದಂತೆ ಮೊಳೆಯುವ ಶಕ್ತಿ ಕುಗ್ಗುವುದರಿಂದ ತಾಜಾ ಬೀಜವನ್ನೇ ಬಿತ್ತುವುದು ಒಳ್ಳೆಯದು. ಕುದಿನೀರು ಸುರಿದು ತಣಿಸಿದ ಸಣ್ಣಕಲ್ಲಿನ ಮಿಶ್ರಣದ ಮೇಲೆ ಬೀಜವಿಟ್ಟು, ಅದರ ದಪ್ಪದಷ್ಟೇ ಮರಳು ಹರಡಿ, ತೇವ ಆರದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಬೆಚ್ಚಗಿನ ಅರೆನೆರಳಿನಲ್ಲಿಟ್ಟರೆ ಒಂದೆರಡು ವಾರಗಳಲ್ಲಿ ಮೊಳಕೆ ಕಾಣುತ್ತದೆ. ನಮ್ಮಲ್ಲಿ ಫೆಬ್ರುವರಿ, ಮಾರ್ಚ್ ಇದಕ್ಕೆ ತಕ್ಕ ಕಾಲ. ಮಳೆಗಾಲ ಬರುವಷ್ಟರಲ್ಲಿ ಸಸಿಗಳು ಸ್ವಲ್ಪ ಗಟ್ಟಿಯಾಗಿರುತ್ತವೆ. ಮೊಳಕೆ ಬಂದ ಮೇಲೆ ಹಾಳೆಯನ್ನು ಹಂತಹಂತವಾಗಿ ಸರಿಸಿ ಗಾಳಿಯಾಡಿಸಬೇಕು. ಮೊದಲ ವರ್ಷ ಸಸಿಗಳನ್ನು ದೊಡ್ಡ ಗಿಡದಷ್ಟು ಒಣಗಿಸಬಾರದು, ಮತ್ತು ಒಂದಕ್ಕೊಂದು ತಾಗುವಷ್ಟು ಬೆಳೆಯುವವರೆಗೆ ಬೇರ್ಪಡಿಸುವ ಅಗತ್ಯವೂ ಇಲ್ಲ. ಬೇರ್ಪಡಿಸುವ ದಿನ ಪ್ರತಿ ಕುಂಡಕ್ಕೂ ತಾಯಿ ಗಿಡ, ತಂದೆ ಗಿಡ ಮತ್ತು ಬಿತ್ತಿದ ವರ್ಷ ಬರೆದ ಚೀಟಿ ಸಿಕ್ಕಿಸಿಡಿ. ಮುಂದೆ ಬೀಜ ಕೇಳಿ ಬರುವವರಿಗೆ ಗಿಡದಷ್ಟೇ ಆ ಚೀಟಿಯೂ ಬೇಕಾಗುತ್ತದೆ.