ಕೂದಲ ಬೇರು ಬುಡದಲ್ಲಿಲ್ಲ

ತಲೆ ಬಾಚುವಾಗ ಹಣಿಗೆಗೆ ಸಿಕ್ಕ ಕೂದಲಿನ ತುದಿಯಲ್ಲಿ ಸಣ್ಣ ಬಿಳಿ ಗಂಟು ಕಾಣುತ್ತದಲ್ಲ, ಅದನ್ನು ನೋಡಿ ‘ಅಯ್ಯೋ, ಬೇರೇ ಕಿತ್ತುಬಂತು’ ಎಂದು ಗಾಬರಿಯಾಗುವವರೇ ಜಾಸ್ತಿ. ಅದು ಬೇರಲ್ಲ. ಬೆಳೆಯುವುದು ನಿಂತ ಮೇಲೆ ಕೂದಲ ಬುಡ ಗಟ್ಟಿಯಾಗಿ ಆದ ಗಂಟು ಅಷ್ಟೆ. ನಿಜವಾದ ಬೇರಿನ ಜಾಗವನ್ನು ವಿಜ್ಞಾನಿಗಳೂ ಬಹಳ ಕಾಲ ತಪ್ಪಾಗಿಯೇ ತಿಳಿದಿದ್ದರು.

ಕೂದಲು ಹುಟ್ಟುವ ಗುಳಿಗೆ ಕೇಶಕೂಪ ಎನ್ನುತ್ತಾರೆ. 19ನೇ ಶತಮಾನದಲ್ಲೇ ಅದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಪದರ ಪದರವಾಗಿ ನೋಡಿದ್ದರು. ಕೂದಲಿನ ಸುತ್ತಲಿನ ಕವಚದ ಒಂದು ಪದರಕ್ಕೆ ಇಂದಿಗೂ ಹಕ್ಸ್ಲಿ ಪದರ ಎಂದೇ ಹೆಸರು. ಮುಂದೆ ಡಾರ್ವಿನ್ ಪರ ವಾದಿಸಿ ಹೆಸರಾದ ಥಾಮಸ್ ಹೆನ್ರಿ ಹಕ್ಸ್ಲಿಯೇ ಈತ. 1845ರಲ್ಲಿ ಇದನ್ನು ಪ್ರಕಟಿಸಿದಾಗ ವಯಸ್ಸು ಬರೀ 20.

ಗುಳಿಯ ತಳ ಈರುಳ್ಳಿಯ ಹಾಗೆ ಉಬ್ಬಿರುತ್ತದೆ. ಅಲ್ಲಿನ ಜೀವಕೋಶಗಳು ಎಡೆಬಿಡದೆ ಒಡೆದು ಹೆಚ್ಚುತ್ತವೆ. ಬಣ್ಣ ತುಂಬುವ ಕೋಶಗಳೂ ಅಲ್ಲೇ ಇವೆ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಕೂದಲು ಮೇಲೇರುವುದು ಅಲ್ಲಿಂದಲೇ. (ಚರ್ಮದಿಂದ ಹೊರಗಿರುವ ಎಳೆಗೆ ಜೀವವಿಲ್ಲ. ಹಾಗಾಗಿ ತಲೆ ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆ ಎನ್ನುವುದು ಸುಮ್ನೆ ಮಾತು.) ಇಷ್ಟು ಚಟುವಟಿಕೆ ಇರುವ ಕಡೆಯೇ ಮೂಲವೂ ಇರಬೇಕು ಎಂದುಕೊಂಡದ್ದು ಸಹಜ ಅಲ್ವಾ?

1960ರ ದಶಕದಲ್ಲಿ ರೋಯ್ ಆಲಿವರ್ ಎಂಬ ಸಂಶೋಧಕ ಇಲಿಯ ಮೀಸೆಯ ಗುಳಿಯ ತಳವನ್ನೇ ಕತ್ತರಿಸಿ ತೆಗೆದರು. ಮೂರನೇ ಒಂದು ಭಾಗದಷ್ಟು ತೆಗೆದರೂ ಮೀಸೆ ಮತ್ತೆ ಬಂತು. ಅಂದರೆ ಬೇಕಾದ ಸಾಮಗ್ರಿ ಮೇಲೆಲ್ಲೋ ಇತ್ತು.

ಅದು ಎಲ್ಲಿ ಎಂದು ತೋರಿಸಿದ್ದು 1990ರಲ್ಲಿ, ಅಮೆರಿಕದ ಕೋಟ್ಸರೆಲಿಸ್, ಸುನ್ ಮತ್ತು ಲಾವ್ಕರ್. ಇಲಿಮರಿಗಳ ಡಿಎನ್‌ಎಗೆ ಗುರುತು ಹತ್ತಿಸಿ ಕಾದರು. ಬೇಗ ಬೇಗ ಒಡೆಯುವ ಕೋಶದಲ್ಲಿ ಗುರುತು ಮಾಸುತ್ತದೆ, ಸೋಮಾರಿ ಕೋಶದಲ್ಲಿ ಉಳಿಯುತ್ತದೆ. ಗುರುತು ಉಳಿದದ್ದು ತಳದಲ್ಲಲ್ಲ, ಗುಳಿಯ ಗೋಡೆಯ ಮೇಲ್ಭಾಗದ ಒಂದು ಉಬ್ಬಿನಲ್ಲಿ. ಜರ್ಮನ್ ತಜ್ಞರು ಈ ಉಬ್ಬನ್ನು ಹಿಂದೆಯೇ ಕಂಡು ‘ವುಲ್ಸ್ಟ್’ ಎಂದು ಕರೆದಿದ್ದರು. ಅಪರೂಪಕ್ಕೆ ಒಡೆಯುವ, ಕೂದಲಿನ ಉಳಿದ ಕೋಶಗಳಿಗೆ ಮೂಲವಾದ ಸ್ಟೆಮ್ ಸೆಲ್‌ಗಳು ಇರುವುದು ಅಲ್ಲೇ.

ಬೊಕ್ಕತಲೆಯ ಬಗೆಗಿನ ತಿಳಿವಳಿಕೆಯೂ ಇದರಿಂದ ಬದಲಾಯಿತು. 2011ರಲ್ಲಿ ಕೋಟ್ಸರೆಲಿಸ್ ತಂಡ ಗಂಡಸರ ಬೋಳು ನೆತ್ತಿಯ ಚರ್ಮವನ್ನು ಪರೀಕ್ಷಿಸಿತು. ಸ್ಟೆಮ್ ಸೆಲ್‌ಗಳು ಹೆಚ್ಚುಕಡಿಮೆ ಹಾಗೇ ಇದ್ದವು! ಕಡಿಮೆಯಾಗಿದ್ದವು ಅವುಗಳಿಂದ ಮುಂದೆ ಹುಟ್ಟಬೇಕಾದ ಕೋಶಗಳು.

ಈ ಉಬ್ಬಿಗೆ ಒಂದು ಪುಟ್ಟ ಸ್ನಾಯು ಅಂಟಿಕೊಂಡಿದೆ. ಚಳಿಗೆ ಮೈ ನವಿರೇಳುವಾಗ ಕೂದಲನ್ನು ಎಳೆದು ನಿಲ್ಲಿಸುವುದು ಅದೇ. ನಮಗೆ ಅದರಿಂದ ಏನುಪಯೋಗ ಎಂದು ಯಾರೂ ಹೆಚ್ಚು ತಲೆಕೆಡಿಸಿಕೊಂಡಿರಲಿಲ್ಲ. 2020ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಇಲಿಗಳಲ್ಲಿ ನೋಡಿದಾಗ, ಆ ಸ್ನಾಯುವಿಗೆ ಬರುವ ನರ ಸ್ಟೆಮ್ ಸೆಲ್‌ಗಳನ್ನೂ ಸುತ್ತಿಕೊಂಡಿತ್ತು. ಚಳಿ ಬಹಳ ಹೊತ್ತು ಮುಂದುವರಿದಾಗ ಅದೇ ನರ ಅವುಗಳನ್ನು ಎಬ್ಬಿಸಿ ಹೊಸ ಕೂದಲು ಹುಟ್ಟಿಸಿತು. ಸ್ನಾಯುವನ್ನು ತೆಗೆದಾಗ ನರವೂ ಅಲ್ಲಿಂದ ಹಿಂದೆ ಸರಿಯಿತು.