ಧೈರ್ಯ ಬಂದ ಮೇಲೆ ಶುರು ಮಾಡುತ್ತೇನೆ ಅಂತ ಕಾಯಬೇಡಿ

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ಈಗ ಪಿಯುಸಿ ಸೈನ್ಸ್. ಮನೆಯಲ್ಲಿ ಲೆಕ್ಕ ಬರುತ್ತೆ, ಕ್ಲಾಸಿನಲ್ಲಿ ಕೈ ಎತ್ತಲು ಆಗಲ್ಲ. ಟೆಸ್ಟಿನಲ್ಲಿ ನನ್ನ ಉತ್ತರವನ್ನು ನಾನೇ ನಂಬಲ್ಲ. ಮೊದಲು ಆತ್ಮವಿಶ್ವಾಸ ಬೆಳೆಸಿಕೊಳ್ಳುವುದು ಹೇಗೆ, ಸರ್?

ಉತ್ತರ: ಪ್ರತಿ ವರ್ಷ ಪಿಯು ತರಗತಿ ಶುರುವಾದ ಕೂಡಲೇ ಈ ಪ್ರಶ್ನೆ ಬರುತ್ತದೆ. ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ. ಎಲ್ಲರೂ ಕೇಳುವುದು ಒಂದೇ: ಮೊದಲು ಧೈರ್ಯ ಕೊಡಿ, ಆಮೇಲೆ ಕೆಲಸ ಮಾಡುತ್ತೇವೆ. ಅದು ಹಾಗೆ ಬರುವುದಿಲ್ಲ. ಕೆಲಸ ಮಾಡುತ್ತಾ ಹೋದ ಹಾಗೆ ಧೈರ್ಯ ಹಿಂದಿನಿಂದ ಬರುತ್ತದೆ. ಇದನ್ನು ನೀವು ಸುಲಭವಾಗಿ ಒಪ್ಪುವುದಿಲ್ಲ ಅಂತ ಗೊತ್ತು. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು "ನಾನು ಬುದ್ಧಿವಂತ, ನನ್ನಿಂದ ಆಗುತ್ತದೆ" ಅಂತ ಹೇಳಿಕೊಳ್ಳಿ ಎನ್ನುವ ಸಲಹೆ ನಿಮ್ಮ ಕಿವಿಗೂ ಬಿದ್ದಿರುತ್ತದೆ ಅಲ್ವಾ? ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಯಾರಿಗೆ ಇದು ಬೇಕೋ ಅವರಿಗೇ ಇದರಿಂದ ತೊಂದರೆ ಜಾಸ್ತಿ. ಕೆನಡಾದ ಮನಶ್ಶಾಸ್ತ್ರಜ್ಞೆ ಜೊವಾನ್ ವುಡ್ ಮತ್ತು ಜೊತೆಗಾರರು 2009ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. "ನಾನು ಪ್ರೀತಿಗೆ ಅರ್ಹ ವ್ಯಕ್ತಿ" ಎನ್ನುವಂಥ ಮಾತನ್ನು ಮತ್ತೆ ಮತ್ತೆ ಹೇಳಿಕೊಳ್ಳಲು ಹೇಳಿದರು. ತಮ್ಮ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯ ಇದ್ದವರಿಗೆ ತುಸು ಹಿತವೆನಿಸಿತು. ತಮ್ಮನ್ನು ತಾವೇ ಕೀಳಾಗಿ ಕಾಣುವವರಿಗೆ ಇನ್ನಷ್ಟು ಬೇಸರವಾಯಿತು. ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ಬಾಯಿ ಒಂದು ಹೇಳುತ್ತಿದ್ದರೆ ಒಳಗಿನಿಂದ "ಹೋದ ಟೆಸ್ಟಿನಲ್ಲಿ ಏನಾಯ್ತು, ಮರೆತೆಯಾ?" ಎಂಬ ಉತ್ತರ ಬರುತ್ತದೆ.

ಹಾಗಾದರೆ ನಂಬಿಕೆ ಎಲ್ಲಿಂದ ಬರುತ್ತದೆ? ಇದನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ. 1977ರಲ್ಲಿ ಅವರು ಮತ್ತು ಸಹೋದ್ಯೋಗಿಗಳು ಹಾವೆಂದರೆ ನಡುಗುವ ಜನರ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ಒಂದು ಗುಂಪಿನವರು ಬೇರೆಯವರು ಹಾವು ಹಿಡಿಯುವುದನ್ನು ಸುಮ್ನೆ ನೋಡಿದರು. ಇನ್ನೊಂದು ಗುಂಪಿನವರು ಪಕ್ಕದಲ್ಲಿದ್ದವರ ಸಹಾಯದಿಂದ ಹಂತ ಹಂತವಾಗಿ ತಾವೇ ಹಾವನ್ನು ಮುಟ್ಟಿದರು, ಎತ್ತಿದರು. ನೋಡಿದವರಿಗಿಂತ ಮುಟ್ಟಿದವರಲ್ಲೇ "ನನ್ನಿಂದ ಆಗುತ್ತದೆ" ಎಂಬ ನಂಬಿಕೆ ಹೆಚ್ಚು ಬೆಳೆಯಿತು. ಇಲ್ಲಿ ಗಮನಿಸಿ: ಮುಟ್ಟುವ ಮುಂಚೆ ಅವರಿಗೂ ಧೈರ್ಯ ಇರಲಿಲ್ಲ. ಹೆದರಿಕೆ ಇದ್ದಾಗಲೇ ಕೈ ಮುಂದೆ ಹೋಯಿತು.

ಇಷ್ಟು ಹೇಳಿದ ಮೇಲೂ ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಹನುಮಂತನಿಗೆ ಜಾಂಬವಂತನ ಮಾತಿನಿಂದಲೇ ಬಲ ಬಂತಲ್ಲ, ಸರ್?" ಒಳ್ಳೆಯ ಪ್ರಶ್ನೆ. ಈ ಪ್ರಶ್ನೆ ಬಂದಾಗ ನನಗೆ ಖುಷಿಯಾಗುತ್ತದೆ. ಜಾಂಬವಂತ ಅಲ್ಲಿ ಬರೀ "ನೀನು ಶೂರ, ಹಾರು" ಅನ್ನಲಿಲ್ಲ. ಮಗುವಾಗಿದ್ದಾಗ ಸೂರ್ಯನ ಕಡೆಗೆ ನೆಗೆದದ್ದನ್ನು ನೆನಪಿಸಿದ. ಅಂದರೆ ಹನುಮಂತ ಆಗಲೇ ಮಾಡಿದ್ದ ಕೆಲಸವನ್ನೇ ಎದುರಿಗಿಟ್ಟ. ಆ ನೆಗೆತವೇ ಇಲ್ಲದಿದ್ದರೆ ಜಾಂಬವಂತನ ಬಳಿ ಹೇಳಲು ಏನಿರುತ್ತಿತ್ತು?

ನೀವು ಮಾಡಬೇಕಾದ್ದೂ ಅದನ್ನೇ. ನೆನಪಿಸಿಕೊಳ್ಳಲು ಏನಾದರೂ ಇರಬೇಕು. ಒಂದು ನೋಟ್ ಬುಕ್ ಇಡಿ. ಪುಸ್ತಕ ಮುಚ್ಚಿ ಒಂದು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ. ಉತ್ತರ ನೋಡುವ ಮೊದಲು ಪ್ರತಿ ಪ್ರಶ್ನೆಯ ಪಕ್ಕದಲ್ಲಿ "ಸರಿ", "ತಪ್ಪು", "ಅನುಮಾನ" ಎಂದು ಬರೆಯಿರಿ. ಆಮೇಲೆ ತಾಳೆ ನೋಡಿ. ನಾಲ್ಕೈದು ಪತ್ರಿಕೆ ಆಗುವಷ್ಟರಲ್ಲಿ ನಿಮ್ಮ ಅನುಮಾನ ಎಲ್ಲಿ ನಿಜ, ಎಲ್ಲಿ ಸುಳ್ಳು ಅಂತ ಗೊತ್ತಾಗುತ್ತದೆ. "ಅನುಮಾನ" ಅಂತ ಬರೆದವು ಹೆಚ್ಚಾಗಿ ಸರಿಯಾಗಿದ್ದರೆ, ತೊಂದರೆ ಇರುವುದು ಹೆದರಿಕೆಯಲ್ಲಿ. ತಪ್ಪಾಗಿದ್ದರೆ ಆ ಪಾಠ ಮತ್ತೆ ಓದಬೇಕು. ಎಲ್ಲ ಅನುಮಾನವೂ ಶತ್ರುವಲ್ಲ.

ಪುಸ್ತಕ ಮುಚ್ಚಿ ಅಂದದ್ದಕ್ಕೆ ಕಾರಣವಿದೆ. ಮತ್ತೆ ಮತ್ತೆ ಓದಿದರೆ ಎಲ್ಲ ಗೊತ್ತಿದೆ ಅನ್ನಿಸುತ್ತದೆ. ಆದರೆ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ ಅವರ 2006ರ ಪ್ರಯೋಗದಲ್ಲಿ, ನಾಲ್ಕು ಸರದಿಯಲ್ಲೂ ಪಾಠ ಓದಿದವರಿಗೆ ವಾರದ ನಂತರ ಸುಮಾರು 40% ನೆನಪಿತ್ತು. ಒಂದು ಸರದಿ ಓದಿ, ಮೂರು ಸರದಿ ನೋಡದೆ ನೆನಪಿಸಿಕೊಂಡು ಬರೆದವರಿಗೆ ಸುಮಾರು 61%. ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಮಾತ್ರ ಬರೀ ಓದಿದವರಿಗೇ ಜಾಸ್ತಿ ಇತ್ತು.

ಕೈ ಎತ್ತುವ ವಿಷಯ: ಮೊದಲ ದಿನವೇ ಪೂರ್ತಿ ಉತ್ತರವನ್ನು ಇಂಗ್ಲಿಷಿನಲ್ಲಿ ಹೇಳಬೇಕಿಲ್ಲ. ಒಂದು ಸಂಖ್ಯೆ ಸಾಕಾಗುವ ಪ್ರಶ್ನೆಗೆ ಕೈ ಎತ್ತಿ. ಆಮೇಲೆ ಒಂದು ವಾಕ್ಯ. ಪದ ಸಿಗದಿದ್ದರೆ ಕನ್ನಡದಲ್ಲೇ ಹೇಳಿ, ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ಮೇಷ್ಟ್ರನ್ನು ಕೇಳಿ. ಹತ್ತು ವರ್ಷ ಕನ್ನಡದಲ್ಲಿ ಕಲಿತ ಗಣಿತ ಗಣಿತವೇ.

ನೀವು ಕೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಸಿಇಟಿ ಹೊತ್ತಿಗೆ ಬೇಕಾಗುತ್ತದೆ. "ಮೊದಲು ಹೊಳೆದದ್ದೇ ಸರಿ, ಬದಲಾಯಿಸಬೇಡ" ಅಂತ ಸೀನಿಯರ್‌ಗಳು ಹೇಳುತ್ತಾರೆ. ನಿಮ್ಮನ್ನು ನೀವು ನಂಬುವುದು ಅಂದರೆ ಇದೇ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1,500ಕ್ಕೂ ಹೆಚ್ಚು ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳಲ್ಲಿ ಅಳಿಸಿದ ಗುರುತುಗಳನ್ನು ಜಸ್ಟಿನ್ ಕ್ರೂಗರ್ ಮತ್ತು ಜೊತೆಗಾರರು ಲೆಕ್ಕ ಹಾಕಿದರು. 2005ರಲ್ಲಿ ಅದು ಪ್ರಕಟವಾಯಿತು. ಬದಲಾವಣೆಗಳಲ್ಲಿ ಸುಮಾರು 51% ತಪ್ಪಿನಿಂದ ಸರಿಗೆ ಹೋಗಿದ್ದವು. ಸರಿಯಿಂದ ತಪ್ಪಿಗೆ ಹೋದದ್ದು ಸುಮಾರು 25% ಮಾತ್ರ. ಸರಿಯಿದ್ದದ್ದನ್ನು ಕೆಡಿಸಿಕೊಂಡ ಸಂಕಟ ಜಾಸ್ತಿ ದಿನ ನೆನಪಿರುತ್ತದೆ, ಅದಕ್ಕೇ ಈ ನಂಬಿಕೆ ಉಳಿದುಕೊಂಡಿದೆ. ಬದಲಾಯಿಸಲು ಕಾರಣ ಕಂಡರೆ ಬದಲಾಯಿಸಿ. ಬರೀ ಗಾಬರಿಯಾದರೆ ಬೇಡ. ಒಎಂಆರ್ ಉತ್ತರ ಹಾಳೆಯಲ್ಲಿ ಬಾಲ್ ಪೆನ್ನಿನಿಂದ ತುಂಬುವುದರಿಂದ ಈ ಯೋಚನೆಯೆಲ್ಲ ವೃತ್ತ ತುಂಬುವ ಮೊದಲೇ ಮುಗಿಯಬೇಕು.

ಅನುಮಾನ ಬಂದ ಪ್ರಶ್ನೆಯನ್ನು ಖಾಲಿ ಬಿಟ್ಟು ಬರುವವರೂ ಇದ್ದಾರೆ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಖಾಲಿ ಬಿಡಲೇಬೇಡಿ. ನೀಟ್‌ನಲ್ಲಿ ಸರಿಗೆ 4 ಅಂಕ, ತಪ್ಪಿಗೆ 1 ಕಡಿತ. ನಾಲ್ಕರಲ್ಲಿ ಎರಡು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತಾಗಿ, ಉಳಿದ ಎರಡರಲ್ಲಿ ಒಂದನ್ನು ಆರಿಸಿದರೂ ಅಂಥ ಪ್ರಶ್ನೆಗೆ ಸರಾಸರಿ 1.5 ಅಂಕ ಸಿಗುತ್ತದೆ. ಲೆಕ್ಕ ನೀವೇ ಮಾಡಿ ನೋಡಿ.